ಇಟ್ಟುಕೊಂಡ ಚಾವಿ

ಶಹಾಪುರದ ಬಸ್ ನಿಲ್ದಾಣದ ಎದುರಿನ ಓಣಿಯಲ್ಲಿ ಮುಜಫರನ ಆನ್‌ಲೈನ್ ಸೆಂಟರ್ ಇದೆ. ಆಧಾರ್ ತಿದ್ದಿಸುವವರು, ಪಹಣಿ ತೆಗೆಸುವವರು, ಪರೀಕ್ಷೆಗೆ ಅರ್ಜಿ ಹಾಕುವವರು, ಎಲ್ಲರೂ ಅಲ್ಲಿಗೇ ಬರುತ್ತಾರೆ. ಬಂದವರಿಗೆಲ್ಲ ಒಂದು ಇ-ಮೇಲ್ ಬೇಕಾಗುತ್ತದೆ, ಇ-ಮೇಲಿಗೊಂದು ಪಾಸ್‌ವರ್ಡ್ ಬೇಕಾಗುತ್ತದೆ, ಆ ಪಾಸ್‌ವರ್ಡನ್ನು ಅವರು ಮನೆ ಮುಟ್ಟುವಷ್ಟರಲ್ಲಿ ಮರೆತಿರುತ್ತಾರೆ. ಮೊದಮೊದಲು ಮುಜಫರ ಚೀಟಿಯಲ್ಲಿ ಬರೆದು ಕೊಡುತ್ತಿದ್ದ. ಚೀಟಿ ಅಂಗಿಯ ಕಿಸೆಯಲ್ಲೇ ಒಗೆಯಲು ಹೋಗಿ ಮುದ್ದೆಯಾಗಿ ಬರುತ್ತಿತ್ತು. ಕೊನೆಗೆ ಅವನೊಂದು ದಾರಿ ಕಂಡುಕೊಂಡ. ಎಲ್ಲರಿಗೂ ಒಂದೇ ಪಾಸ್‌ವರ್ಡ್. ಊರಿನ ಹೆಸರು, ಅದರ ಮುಂದೊಂದು ಅಟ್ ದ ರೇಟ್, ಆಮೇಲೆ ಒಂದು ಎರಡು ಮೂರು. ಶಾಲೆಯ ಮಾಸ್ತರಿಗೂ ಅದೇ, ಮೆಣಸಿನಕಾಯಿ ವ್ಯಾಪಾರಿಗೂ ಅದೇ, ಪಂಚಾಯ್ತಿ ಸದಸ್ಯರಿಗೂ ಅದೇ.

ಜನಕ್ಕೆ ಇದು ಬಹಳ ಹಿಡಿಸಿತು. "ನನಗ್ಯಾಕಪ್ಪಾ ಅದು, ನಿನ್ನ ಹತ್ರಾನೇ ಇರಲಿ" ಎಂದು ಹೇಳಿ ಎದ್ದುಹೋಗುವವರೇ ಎಲ್ಲ. ಅರ್ಧ ತಾಲ್ಲೂಕು ತನ್ನ ಮೇಲೆ ಇಷ್ಟು ಭರವಸೆ ಇಟ್ಟಿದೆ ಎಂದು ಮುಜಫರನಿಗೆ ಒಳಗೊಳಗೇ ಹೆಮ್ಮೆ. ಮನುಷ್ಯ ಒಳ್ಳೆಯವನು, ಅದರಲ್ಲಿ ಎರಡು ಮಾತಿಲ್ಲ. ಅವನಿಗೆ ಇದ್ದ ರೋಗ ಒಂದೇ. ಇಲ್ಲ ಎನ್ನುವ ಮಾತು ಅವನ ನಾಲಿಗೆಗೆ ಬರುತ್ತಿರಲಿಲ್ಲ. ಆಗದ ಕೆಲಸ ಯಾರಾದರೂ ತಂದರೆ "ಸರ್ವರ್ ಇಲ್ಲರಿ, ಸಂಜೀಕ ಬರ್ರಿ" ಎಂದು ಸಾಗಹಾಕುತ್ತಿದ್ದ. ಸಂಜೆಗೆ ಬಂದರೆ ನಾಳೆ ಬೆಳಿಗ್ಗೆ. ಹೀಗೇ ಹತ್ತು ವರ್ಷ ಅಂಗಡಿ ನಡೆದಿತ್ತು.

ಆವತ್ತು ಬೆಳಿಗ್ಗೆ ಶಟರ್ ಎತ್ತುವಷ್ಟರಲ್ಲಿ ವಿಶ್ವರಾಧ್ಯ ಬಂದು ಕೂತ. ಸೈದಾಪುರದ ಹತ್ತಿರ ಕಡೇಚೂರಿನಲ್ಲಿರುವ ಒಂದು ಔಷಧಿ ಕಾರ್ಖಾನೆಯಲ್ಲಿ ಕೆಲಸಗಾರರ ಮೇಲಿನ ಸಾಹೇಬ ಅವನು. ಮನೆ ಇಲ್ಲೇ ಶಹಾಪುರ. ಮುಜಫರನ ತಮ್ಮ ಸಿಕಂದರ ಅದೇ ಕಾರ್ಖಾನೆಯ ಬಾಯ್ಲರಿನಲ್ಲಿ ಗುತ್ತಿಗೆಯ ಮೇಲೆ ದುಡಿಯುತ್ತಿದ್ದುದರಿಂದ ಮುಜಫರ ಎದ್ದು ನಿಂತು, ಚಹಾ ತರಿಸಿ, ಫ್ಯಾನಿನ ಮುಖವನ್ನೂ ಸಾಹೇಬನ ಕಡೆ ತಿರುಗಿಸಿದ.

"ಬೋನಾಳದ ಪಂಚಶೀಲಾ ಅಂತ ಒಬ್ಬಾಕಿ ನಿನ್ನ ಅಂಗಡಿಗೆ ಬರ್ತಿದ್ದಳಲ್ಲ" ಎಂದು ವಿಶ್ವರಾಧ್ಯ ಶುರು ಮಾಡಿದ. "ನಮ್ಮ ಲ್ಯಾಬಿನ್ಯಾಗ ಇದ್ದಳು. ಕಾರ್ಖಾನಿ ನೀರು ಹಳ್ಳಕ್ಕ ಬಿಡ್ತಾರ, ಅದರಿಂದ ಮಂದಿಗೆ ದಮ್ಮು ಬಂದದ ಅಂತ ಕೇಸ್ ಮಾಡ್ಯಾಳ. ಈಗ ಕೆಲಸದಿಂದ ನಿಂದ್ರಿಸೀವಿ."

"ಭಾಳ ಮಂದಿ ಬರ್ತಾರ್ರಿ ಸಾಹೇಬ್ರ. ನೆನಪು ಇರಂಗಿಲ್ಲ."

"ನೆನಪು ಮಾಡ್ಕೊ. ಆಕೀ ಮೇಲ್ ನಾ ತೆಗದು ನೋಡೀನಿ. ಗಾಬರಿ ಆಗಬ್ಯಾಡ, ನಿನ್ನ ಪಾಸ್‌ವರ್ಡೇ ಅದ. ನನ್ನ ಮೇಲ್ ಮಾಡಿಕೊಟ್ಟಾಗ ನನಗೂ ಅದನ್ನೇ ಕೊಟ್ಟಿದ್ದಿ. ಇರಲಿ ಅಂತ ಒಂದ್ಸಲ ಹೊಡದು ನೋಡಿದೆ, ತಗೀತು."

ಸಾಹೇಬ ನಗುತ್ತಲೇ ಮುಂದುವರಿಸಿದ. ಬಾಗಿಲು ತೆರೆಯಿತು ನಿಜ, ಒಳಗೆ ಕಲಬುರಗಿಯ ವಕೀಲೆ ಕಳಿಸಿದ ಪತ್ರಗಳು ಸಾಲಾಗಿ ಇದ್ದದ್ದೂ ನಿಜ. ಆದರೆ ಒಂದನ್ನೂ ಓದಲು ಬರುವುದಿಲ್ಲ. ತೆರೆದರೆ ಇಂಗ್ಲಿಷ್ ಅಕ್ಷರಗಳನ್ನೂ ಅಂಕಿಗಳನ್ನೂ ಕಲಸಿ ಎರಚಿದಂತೆ ಕಾಣುತ್ತದೆ.

"ನಮ್ಮ ಕಂಪ್ಯೂಟರಿನವ ಹೇಳಿದ, ಇದಕ್ಕ ಪ್ರೈವೇಟ್ ಕೀ ಅಂತ ಒಂದು ಫೈಲ್ ಬೇಕು, ಅದಿಲ್ಲದ ದೇವರು ಬಂದ್ರೂ ಓದಾಕ ಆಗಂಗಿಲ್ಲ ಅಂತ. ಆಕಿ ಅದನ್ನ ಮಾಡಿಸಿದ್ದು ಇಲ್ಲೇ. ನೀ ಯಾರದೂ ಒಗಿಯೋ ಮನಷ್ಯಾ ಅಲ್ಲ, ಇಟ್ಟಿರ್ತಿ. ನಮ್ಮ ಕೆಲಸಗಾರರೇ ಐದು ಮಂದಿ ಆಕೀ ಕಡೆ ಸಾಕ್ಷಿ ಹೇಳಾಕ ನಿಂತಾರ ಅಂತ ಸುದ್ದಿ ಅದ. ಹೆಸರು ಆ ಪತ್ರದಾಗ ಅವ. ಅಷ್ಟೇ ಬೇಕು ನಮಗ."

ಆಮೇಲೆ ಚಹಾ ಹೀರಿ, ಹವಾಮಾನದ ಮಾತಾಡಿದಷ್ಟೇ ಸಲೀಸಾಗಿ, ಸಿಕಂದರನನ್ನು ಕಾಯಂ ಮಾಡುವ ಯಾದಿ ತನ್ನ ಟೇಬಲ್ಲಿನ ಮೇಲೇ ಇದೆ ಎಂದು ಹೇಳಿದ.

"ಸರ್ವರ್ ಇಲ್ಲರಿ" ಎಂದ ಮುಜಫರ. "ಸಂಜೀಕ ಬರ್ರಿ, ನಾಕಕ್ಕ."

ಆ ಫೈಲ್ ಇದ್ದದ್ದು ಅವನ ಎದುರಿನ ಕಂಪ್ಯೂಟರಿನ ಹೊಟ್ಟೆಯಲ್ಲೇ. ಅದಕ್ಕೂ ಸರ್ವರಿಗೂ ಯಾವ ಸಂಬಂಧವೂ ಇಲ್ಲ. ಆದರೆ ಸರ್ವರ್ ಇಲ್ಲ ಎಂದರೆ ಶಹಾಪುರದಲ್ಲಿ ಯಾರೂ ಎದುರು ಮಾತಾಡುವುದಿಲ್ಲ, ಸಾಹೇಬನೂ ಆಡಲಿಲ್ಲ. "ನಾಕಕ್ಕ" ಎಂದು ಬೆರಳು ತೋರಿಸಿ ಎದ್ದುಹೋದ.

ಪಂಚಶೀಲಾ ಮೊದಲ ಸಲ ಬಂದದ್ದು ಮಳೆಗಾಲದ ಶುರುವಿನಲ್ಲಿ. ವಕೀಲೆ ಸೌಭಾಗ್ಯ ಕಲಬುರಗಿಯಿಂದ ಫೋನಿನಲ್ಲೇ ಹೇಳಿಕೊಡುತ್ತಿದ್ದರು, ಫೋನು ಮೇಜಿನ ಮೇಲೆ ಜೋರಾಗಿ ಮಾತಾಡುತ್ತಿತ್ತು, ಮುಜಫರನ ಬೆರಳುಗಳು ಅದರಂತೆ ಓಡುತ್ತಿದ್ದವು.

"ಒಂದು ಜೋಡಿ ತಯಾರಾಗ್ತದ ನೋಡ್ರಿ" ಎಂದಿದ್ದರು ಸೌಭಾಗ್ಯ. "ಒಂದು ಪಬ್ಲಿಕ್ ಕೀ, ಒಂದು ಪ್ರೈವೇಟ್ ಕೀ. ಪಬ್ಲಿಕ್ ಕೀನ ಬೀಗ ಅಂತ ತಿಳ್ಕೊರಿ. ಬಾಯಿ ತೆರಕೊಂಡಿರೋ ಬೀಗ. ಅದನ್ನ ಊರಿಗೆಲ್ಲ ಹಂಚಿದ್ರೂ ಏನೂ ಆಗಂಗಿಲ್ಲ. ನಾ ಪತ್ರ ಬರದು ಪಂಚಶೀಲಾನ ಬೀಗ ಒತ್ತತೀನಿ. ಒತ್ತಿದ ಮ್ಯಾಲ ನಾನೇ ತೆಗೀತೀನಂದ್ರೂ ಬರಂಗಿಲ್ಲ. ಅದನ್ನ ತೆಗಿಯೋ ಚಾವಿ ಒಂದೇ, ಆ ಪ್ರೈವೇಟ್ ಕೀ. ನಡು ದಾರ್ಯಾಗ ಯಾರು ಮೇಲ್ ಕದ್ರೂ ಅವರ ಕೈಗೆ ಸಿಗೋದು ಮುಚ್ಚಿದ ಪೆಟ್ಟಿಗಿ. ಅದಕ್ಕ ಆ ಚಾವಿ ಪಂಚಶೀಲಾನ ಹತ್ರ ಬಿಟ್ಟು ಯಾರ ಹತ್ರಾನೂ ಇರಬಾರದು."

ಚಾವಿಯ ಫೈಲ್ ಪಂಚಶೀಲಾಳ ಪೆನ್‌ಡ್ರೈವಿಗೆ ಹೋಯಿತು. ಫೈಲಿಗೂ ಒಂದು ಪಾಸ್‌ವರ್ಡ್ ಕೇಳಿತು. "ನೀವೇ ಯಾವದರ ಒಂದು ಹಾಕ್ರಿ ಅಣ್ಣ" ಎಂದಳು ಅವಳು. ಮುಜಫರನ ಬೆರಳುಗಳು ತಮ್ಮಷ್ಟಕ್ಕೆ ತಾವೇ ಊರಿನ ಹೆಸರು ಬರೆದು, ಅಟ್ ದ ರೇಟ್ ಒತ್ತಿ, ಒಂದು ಎರಡು ಮೂರು ಮುಗಿಸಿದ್ದವು. ಅವಳು ಹೋದ ಮೇಲೆ ಆ ಫೈಲಿನ ಒಂದು ನಕಲನ್ನು ಅವಳ ಹೆಸರಿನಲ್ಲಿ ತೆಗೆದಿಟ್ಟ. ಕೆಟ್ಟ ಮನಸ್ಸಿನಿಂದಲ್ಲ. ಎಲ್ಲರದ್ದೂ ಹಾಗೇ ಇಡುತ್ತಿದ್ದ. ಕಳೆದುಕೊಂಡು ಕಣ್ಣೀರು ಹಾಕುತ್ತ ಬರುವವರಿಗೆ "ಇಲ್ಲೇ ಅದ ತಗೋರಿ" ಎಂದು ಕೊಡುವ ಸುಖ ಅವನಿಗೇ ಗೊತ್ತು. ಅವಳು ಆಮೇಲೆಯೂ ಬರುತ್ತಿದ್ದಳು, ಮೂಲೆಯ ಕಂಪ್ಯೂಟರಿಗೆ ಪೆನ್‌ಡ್ರೈವ್ ಹಾಕಿ ಪತ್ರ ಓದಿ ಎದ್ದುಹೋಗುತ್ತಿದ್ದಳು. ಮುಜಫರ ಒಂದು ದಿನವೂ ಆ ಕಡೆ ಇಣುಕಿದವನಲ್ಲ.

ಈಗ ಕೂತರೆ ಕೂರಲಾಗುತ್ತಿಲ್ಲ, ನಿಂತರೆ ನಿಲ್ಲಲಾಗುತ್ತಿಲ್ಲ. ಗಿರಾಕಿಯೊಬ್ಬನ ಪಹಣಿ ತೆಗೆಯುವುದರ ಬದಲು ಬೇರೆ ಯಾರದ್ದೋ ತೆಗೆದ. ಇನ್ನೊಬ್ಬನ ಫೋಟೊ ಅಡ್ಡಡ್ಡ ಅಚ್ಚಾಯಿತು. ಪಂಚಶೀಲಾಳ ಫೈಲಿನ ಮೇಲೆ ಬಾಣ ಇಟ್ಟು, ಅಳಿಸಲೇ ಎಂದು ಯಂತ್ರ ಕೇಳಿದಾಗ, ಕೈ ಹಿಂದೆ ತೆಗೆದ. ಮತ್ತೆ ಇಟ್ಟ, ಮತ್ತೆ ತೆಗೆದ. ಅವಳ ಪೆನ್‌ಡ್ರೈವ್ ಕಳೆದಿದ್ದರೆ? ಕಾರ್ಖಾನೆಯವರೇ ಕಿತ್ತುಕೊಂಡಿದ್ದರೆ? ಆಗ ಇಡೀ ಲೋಕದಲ್ಲಿ ಉಳಿದ ಚಾವಿ ಇದೊಂದೇ. ಇದನ್ನೂ ಅಳಿಸಿದರೆ ಅವಳ ಪತ್ರಗಳಿಗೆ ಕಾಯಮ್ಮಾಗಿ ಬೀಗ ಬಿದ್ದಂತೆ.

ಅದಕ್ಕಿಂತ ಹೆಚ್ಚಾಗಿ ಅವನನ್ನು ತಡೆದದ್ದು ಅಪ್ಪ ಕಲಿಸಿದ ಒಂದು ಮಾತು, ಅಮಾನತ್, ಅಂದರೆ ನಂಬಿ ಇಟ್ಟುಹೋದ ವಸ್ತು. ಅಪ್ಪ ಗಡಿಯಾರ ರಿಪೇರಿಯವನು. ವಾರಸುದಾರರು ಬಾರದೆ ಬಿಟ್ಟುಹೋದ ಗಡಿಯಾರಗಳನ್ನು ಸಾಯುವ ತನಕ ಒರೆಸಿಟ್ಟ, ಒಂದನ್ನೂ ಮಾರಲಿಲ್ಲ, ಎಸೆಯಲಿಲ್ಲ. ಬೇರೆಯವರ ವಸ್ತು ನಿನ್ನಲ್ಲಿದ್ದರೆ ಅದನ್ನು ಇನ್ನೊಬ್ಬನಿಗೆ ಕೊಡುವುದೂ ಪಾಪ, ಕೇಳದೆ ನಾಶ ಮಾಡುವುದೂ ಪಾಪ, ಇದ್ದ ಹಾಗೆ ಮರಳಿಸಬೇಕು ಎನ್ನುತ್ತಿದ್ದ. ಆದರೆ ಈ ಅಮಾನತನ್ನು ಇಟ್ಟುಕೊಳ್ಳಲು ಅವಳು ಹೇಳಿಯೇ ಇರಲಿಲ್ಲ ಎಂಬುದು ನೆನಪಾಗಿ ಮುಜಫರನ ಕಿವಿ ಬಿಸಿಯಾಯಿತು. ಅವಳ ಫೋನಿಗೆ ಮೇಲಿಂದ ಮೇಲೆ ಹಚ್ಚಿದ. ಬಂದ್ ಇತ್ತು.

ನಡುಹಗಲಿಗೆ ಮೊದಲೇ ಶಟರ್ ಎಳೆದು, ಗಾಡಿ ಹತ್ತಿ ಬೋನಾಳಕ್ಕೆಂದು ಸುರಪುರದ ದಾರಿ ಹಿಡಿದ. ಊರು ದಾಟಿದವನಿಗೆ ಅಂಗಡಿಯ ಬೀಗ ಸರಿಯಾಗಿ ಬಿದ್ದಿದೆಯೋ ಇಲ್ಲವೋ ಎಂಬ ಸಂಶಯ ಬಂತು. ಹೊರಳಿ ಬಂದ. ಬೀಗವನ್ನು ಜಗ್ಗಿ ನೋಡಿದ. ಗಟ್ಟಿಯಾಗೇ ಇತ್ತು. ಪಕ್ಕದ ಚಹಾದಂಗಡಿಯ ಕಾಂತೇಶ "ಏನಾತು ಮುಜಫರ್ ಭಾಯಿ, ಮನ್ಯಾಗ ಆರಾಮ ಅದಾರಿಲ್ಲ?" ಎಂದು ಕೇಳಿದ. "ಸರ್ವರ್ ಇಲ್ಲ" ಎಂದು ಹೇಳಿ ಮುಜಫರ ಮತ್ತೆ ಹೊರಟ.

ಕಾಲುವೆ ನೀರಿನ ಗದ್ದೆಗಳಲ್ಲಿ ಭತ್ತದ ಕೊಯ್ಲು ನಡೆದಿತ್ತು. ಹತ್ತಿಗೂಡೂರಿನ ತನಕ ಕೊಯ್ಲಿನ ಯಂತ್ರಗಳು ರಸ್ತೆಯನ್ನೇ ನುಂಗಿಕೊಂಡು ಹೋಗುತ್ತಿದ್ದವು, ಅವುಗಳ ಬೆನ್ನಿಗೆ ಬಿದ್ದು ಹಾರನ್ ಒತ್ತಿ ಒತ್ತಿ ಮುಜಫರನ ಹೆಬ್ಬೆರಳು ನೋಯತೊಡಗಿತು. ಗಾಡಿ ನಿಧಾನವಾದಷ್ಟೂ ತಲೆ ಜೋರಾಗಿ ಓಡುತ್ತಿತ್ತು. ವಿಶ್ವರಾಧ್ಯ ಒಂದೇ ಏಟಿಗೆ ಅವಳ ಮೇಲ್ ತೆರೆದ ಎಂದರೆ, ತಾನು ಮೇಲ್ ಮಾಡಿಕೊಟ್ಟ ಯಾವನೂ ಯಾವನದ್ದನ್ನೂ ತೆರೆಯಬಹುದು. ಊರಿಗೆಲ್ಲ ಒಂದೇ ಚಾವಿ ಹಂಚಿ, ಒಬ್ಬೊಬ್ಬನಿಗೂ ನಿನ್ನ ಮನೆ ಭದ್ರ ಇದೆ ಎಂದು ಹೇಳಿ ಕಳಿಸಿದ್ದ ಅವನು. ಇಷ್ಟು ದಿನ ಇದು ಯಾಕೆ ಹೊಳೆಯಲಿಲ್ಲ?

ಇನ್ನೊಂದು ಯೋಚನೆಯೂ ಬಂತು, ಮುಚ್ಚಿಡುವುದೇಕೆ. ಆ ಐದು ಜನ ಯಾರೋ ಏನೋ. ತನಗೆ ನೆಂಟರಲ್ಲ, ಗಿರಾಕಿಗಳೂ ಅಲ್ಲದಿರಬಹುದು. ಸಿಕಂದರ ಮಾತ್ರ ಒಡಹುಟ್ಟಿದವನು. ಕಾಯಂ ಆದರೆ ಅವನ ಮದುವೆಯ ಮಾತು ಮುಂದುವರಿಯುತ್ತದೆ, ಅಮ್ಮಿ ನೆಮ್ಮದಿಯಾಗಿ ಉಣ್ಣುತ್ತಾಳೆ. ಒಂದು ಫೈಲ್ ಇಲ್ಲಿಂದ ಎತ್ತಿ ಅಲ್ಲಿಟ್ಟರೆ ಯಾರಿಗೆ ತಿಳಿಯುತ್ತದೆ? ಸುರಪುರದ ಗುಡ್ಡಗಳು ಕಾಣುವವರೆಗೂ ಈ ಯೋಚನೆ ಅವನ ಜೊತೆಯಲ್ಲೇ ಬಂತು. ತನ್ನ ಬಗ್ಗೆ ತನಗೇ ಅಸಹ್ಯವಾಯಿತು. ಆದರೂ ಅದು ಹೋಗಲಿಲ್ಲ.

ಬೋನಾಳದಲ್ಲಿ ಪಂಚಶೀಲಾಳ ತಾಯಿ ದೇವಕಮ್ಮ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ಯಾರು, ಯಾವೂರು, ಯಾರ ಪೈಕಿ ಎಂದೆಲ್ಲ ಕೇಳಿ ಮುಗಿಸಿದ ಮೇಲೆಯೇ ನೀರು ಕೊಟ್ಟು ಮಗಳನ್ನು ಕರೆದಳು. ಪಂಚಶೀಲಾ ಹೊರಬಂದು ಹೊಸ್ತಿಲ ಮೇಲೆ ಕೂತಳು. ಮಳೆಗಾಲದಲ್ಲಿ ನೋಡಿದ್ದಕ್ಕಿಂತ ಸೊರಗಿದ್ದಳು.

ದಾರಿಯುದ್ದಕ್ಕೂ ಮುಜಫರ ಮಾತನ್ನು ಹದ ಮಾಡಿಕೊಂಡು ಬಂದಿದ್ದ. ಎದುರು ಕೂತಾಗ ಒಂದೂ ನೆನಪಾಗಲಿಲ್ಲ. ವಿಶ್ವರಾಧ್ಯ ಬಂದದ್ದು, ಮೇಲ್ ತೆರೆದದ್ದು, ತಾನು ನಕಲು ಇಟ್ಟದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಉಗುಳಿದ. ಬೈಯುತ್ತಾಳೆ ಎಂದುಕೊಂಡಿದ್ದ. ಅವಳು ಬೈಯಲಿಲ್ಲ, ಪ್ರಶ್ನೆ ಕೇಳಿದಳು.

"ಯಾವಾಗಿಂದ ಅದ ನಿಮ್ಮ ಹತ್ರ?"

"ಮೊದಲ್ನೇ ದಿನದಿಂದ."

"ಆ ಫೈಲಿಗೂ ಊರ ಪಾಸ್‌ವರ್ಡೇ ಹಾಕೀರೇನು?"

ಮುಜಫರ ಹೌದೆಂದು ತಲೆಯಾಡಿಸಿದ.

"ಆ ಕಂಪ್ಯೂಟರ್ ಮುಂದ ಯಾರ್ಯಾರು ಕುಂದರ್ತಾರ?"

"ಎಲ್ಲಾರೂ" ಎಂದ ಮುಜಫರ. "ನಾ ಯಾರಿಗೂ ಕೊಟ್ಟಿಲ್ಲವ್ವಾ. ನಾನೂ ತೆಗದು ನೋಡಿಲ್ಲ. ನಮ್ಮಮ್ಮಿ ಆಣಿ."

"ನಿಮ್ಮ ಮ್ಯಾಲ ಸಂಶಯ ಇಲ್ಲರಿ ಅಣ್ಣ. ಆದ್ರ ಮನಿ ಚಾವಿ ಕದ್ರ ಚಾವಿ ಇಟ್ಟಲ್ಲಿ ಇರಂಗಿಲ್ಲ, ಗೊತ್ತಾಗ್ತದ. ಇದು ಕದ್ರೂ ಇಟ್ಟಲ್ಲೇ ಇರತದ. ಯಾರರ ಒಯ್ದಾರೋ ಇಲ್ಲೋ, ನೀವೂ ಹೇಳಾಕ ಬರಂಗಿಲ್ಲ, ನಾನೂ ಹೇಳಾಕ ಬರಂಗಿಲ್ಲ. ನಿಮ್ಮ ಆಣಿ ನಂಬಿ ಐದು ಮಂದಿ ಅನ್ನಕ್ಕ ಕಲ್ಲು ಹಾಕಲೇನು?"

ಸಿಟ್ಟಿನಿಂದ ಕೇಳಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಲ್ಯಾಬಿನಲ್ಲಿ ನೀರಿನ ಬಾಟಲಿ ನೋಡುವ ಹಾಗೆ ಅವನನ್ನು ನೋಡುತ್ತ ಕೇಳಿದಳು.

ಅವಳ ಪೆನ್‌ಡ್ರೈವ್ ಅವಳ ಬಳಿಯೇ ಇತ್ತು. ನಕಲನ್ನು ಅಳಿಸಿಬಿಡಿ ಎಂದಳು. ಫೋನು ಚಾಲು ಮಾಡಿ ಅಲ್ಲೇ ಕೂತು ಇ-ಮೇಲಿನ ಪಾಸ್‌ವರ್ಡ್ ಬದಲಿಸಿದಳು, ಬೆರಳು ಆಡಿಸುವಾಗ ಫೋನನ್ನು ತನ್ನ ಕಡೆ ವಾಲಿಸಿಕೊಂಡಳು. ಮುಜಫರ ತಾನಾಗಿಯೇ ಅಂಗಳದಾಚೆ ಕಾಣುವ ಊರ ಕೆರೆಯ ಕಡೆ ಮುಖ ತಿರುಗಿಸಿದ. ಆಮೇಲೆ ಅವಳು ಸೌಭಾಗ್ಯ ಅವರಿಗೆ ಫೋನ್ ಹಚ್ಚಿ, ತನ್ನ ಹಳೆಯ ಬೀಗವನ್ನು ಇನ್ನು ಯಾವ ಪತ್ರಕ್ಕೂ ಹಾಕಬೇಡಿರಿ, ಹೊಸ ಜೋಡಿ ಮಾಡಿ ಹೊಸ ಬೀಗ ಕೊಡುತ್ತೇನೆ ಎಂದು ತಿಳಿಸಿದಳು.

"ಹಂಗಾದ್ರ ಮುಗೀತಿಲ್ಲ?" ಎಂದ ಮುಜಫರ, ಆಸೆಯಿಂದ.

"ಇನ್ನ ಮ್ಯಾಲಿನ ಪತ್ರಕ್ಕ ಮುಗೀತು. ಹಳೀ ಪತ್ರ ಹಳೀ ಚಾವಿಗೇ ತೆಗೀತಾವ. ಅವನ್ನ ಸಾಹೇಬ ಆಗಲೇ ಇಳಿಸಿ ಇಟ್ಕೊಂಡಿರ್ತಾನ. ಹೆಸರು ಹೊರಗ ಹೋಗ್ಯಾವ ಅಂತಾನೇ ತಿಳದು ನಡೀಬೇಕು. ಆ ಐದೂ ಮಂದಿಗೆ ಇವತ್ತೇ ಗೊತ್ತಾಗಬೇಕು. ಫೋನಿನ್ಯಾಗ ಹೇಳೋದಲ್ಲ."

"ಯಾರಂತ ಹೇಳ್ರಿ. ನಾನೇ ಮನಿಗೆ ಹೋಗಿ ಹೇಳ್ತೀನಿ."

"ಐದೂ ಹೆಸರು ನಿಮಗ ಹೇಳ್ಲೇನು?"

ಮುಜಫರ ನೆಲ ನೋಡಿದ. ಪಂಚಶೀಲಾ ಫೋನನ್ನು ಬದಿಗಿಟ್ಟಳು. ಆಮೇಲೆ ಅಂದಳು, "ಒಂದು ಹೇಳ್ತೀನಿ. ಉಳದವರು ಯಾರಂತ ಅವನಿಗೆ ಗೊತ್ತದ, ಅವನೇ ಮುಟ್ಟಿಸ್ತಾನ. ಅವ ನಿಮ್ಮ ಮನ್ಯಾಗೇ ಅದಾನ."

ವಾಪಸು ಬರುವಾಗ ಮುಜಫರನಿಗೆ ಗದ್ದೆ ಕಾಣಲಿಲ್ಲ, ಯಂತ್ರ ಕಾಣಲಿಲ್ಲ. ಸಿಕಂದರ ರಾತ್ರಿ ಪಾಳಿಯವನು, ಈಗ ಮನೆಯಲ್ಲಿ ಮಲಗಿರುತ್ತಾನೆ, ದೀಪ ಹಚ್ಚುವ ಹೊತ್ತಿಗೆ ಕಂಪನಿಯ ಬಸ್ಸು ಹತ್ತುತ್ತಾನೆ. ಹತ್ತುವ ಮುಂಚೆ ಹೇಳಬೇಕು. ಅದಕ್ಕೂ ಮುಂಚೆ ಆ ಚಾವಿ ಇಲ್ಲವಾಗಬೇಕು. ಬೆಳಿಗ್ಗೆ ಅದನ್ನು ಸಾಹೇಬನ ಕೈಗೆ ಕೊಟ್ಟಿದ್ದರೆ, ತಮ್ಮನನ್ನು ಕಾಯಂ ಮಾಡಿಸಲು ಹೋಗಿ ತಮ್ಮನ ಹೆಸರನ್ನೇ ಕೊಟ್ಟಂತಾಗುತ್ತಿತ್ತು. ಗಾಡಿ ಒಮ್ಮೆ ರಸ್ತೆ ಬಿಟ್ಟು ಕೆಳಗಿಳಿದು ಮತ್ತೆ ಮೇಲೆ ಬಂತು.

ವಿಶ್ವರಾಧ್ಯ ಕಾಂತೇಶನ ಬೆಂಚಿನ ಮೇಲೆ ಕಾಯುತ್ತ ಕೂತಿದ್ದ. "ಸರ್ವರ್ ಬಂತೇನು?" ಎಂದ.

"ಮುಂಜಾನಿನೂ ಇತ್ತರಿ" ಎಂದು ಮುಜಫರ ಶಟರ್ ಎತ್ತಿದ. "ನಾ ಸುಳ್ಳು ಹೇಳಿದ್ದೆ. ಚಾವಿ ಕೊಡಂಗಿಲ್ಲರಿ."

ಹೇಳಿದ ಮೇಲೆ ಅವನಿಗೇ ಆಶ್ಚರ್ಯ. ಆಕಾಶವೇನೂ ಕಳಚಿ ಬೀಳಲಿಲ್ಲ. ಕಂಪ್ಯೂಟರ್ ಚಾಲು ಮಾಡಿ, ಸಾಹೇಬ ಬೆನ್ನ ಹಿಂದೆ ನಿಂತಿದ್ದಂತೆಯೇ ಫೈಲ್ ಅಳಿಸಿದ, ಕಸದ ಬುಟ್ಟಿಯಿಂದಲೂ ಅಳಿಸಿದ. ಅಷ್ಟಕ್ಕೂ ಭರವಸೆ ಸಾಲದೆ, ಯಂತ್ರವನ್ನೇ ಫಾರ್ಮ್ಯಾಟ್ ಮಾಡಿ ಮೊದಲಿನಿಂದ ತುಂಬಿಸಲು ಹಚ್ಚಿದ. ಇಟ್ಟುಕೊಂಡಿದ್ದ ಊರವರ ಫೈಲುಗಳೆಲ್ಲ ಅದರ ಜೊತೆಗೇ ಹೋಗತೊಡಗಿದವು.

"ಅಳಿಸಿದಿ ಅಂತ ನಾ ಹೆಂಗ ನಂಬಲಿ?" ಎಂದ ವಿಶ್ವರಾಧ್ಯ. "ಊರ ಮಂದೀದೆಲ್ಲ ಇಟ್ಕೊಂಡವ ನೀನು. ಇನ್ನೆಲ್ಲೋ ಒಂದು ಇಟ್ಟಿರ್ತಿ."

"ನಂಬಬ್ಯಾಡ್ರಿ."

"ಸಿಕಂದರಂದು ನಾ ನೋಡ್ಕೊಂತೀನಿ ಹಂಗಾದ್ರ."

ಮುಜಫರ ಸಾಹೇಬನನ್ನು ಹೊರಗೆ ಬಿಟ್ಟು ಶಟರ್ ಎಳೆದ. ಮನೆಯ ಕಡೆ ಗಾಡಿ ಓಡಿಸಿದ.

ಸಿಕಂದರ ಎದ್ದು ಮುಖ ತೊಳೆದು, ಬಸ್ಸಿಗೆ ಸಿದ್ಧನಾಗುತ್ತಿದ್ದ. ಅಮ್ಮಿ ಬುತ್ತಿಯ ಡಬ್ಬಿ ಕಟ್ಟಿಟ್ಟು ಪಕ್ಕದ ಮನೆಗೆ ಹೋಗಿದ್ದಳು. ಮುಜಫರ ತಮ್ಮನನ್ನು ಮಂಚದ ಮೇಲೆ ಕೂರಿಸಿ ಎಲ್ಲವನ್ನೂ ಹೇಳಿದ. ಹೇಳುತ್ತ ಹೋದಂತೆ ಅವನ ದನಿಗೆ ಸ್ವಲ್ಪ ಬಲ ಬಂತು. ಎಷ್ಟೆಂದರೂ ಕೊನೆಗೆ ತಾನು ಕೊಡಲಿಲ್ಲ. ಸಾಹೇಬನ ಮುಖದ ಮೇಲೆ ಹೊಡೆದಂತೆ ಇಲ್ಲ ಎಂದ. ತಮ್ಮ ಒಂದು ಮಾತು ಆಡಿದರೆ ಸಾಕು, ಬೆಳಗಿನಿಂದ ಕುದಿಯುತ್ತಿದ್ದ ಎದೆ ತಣ್ಣಗಾಗುತ್ತದೆ ಎಂದು ಕಾದ.

ಅಣ್ಣತಮ್ಮಂದಿರು ಮನೆಯಲ್ಲಿ ಆಡುವುದು ಉರ್ದು. ತೀರಾ ಸಿಟ್ಟು ಬಂದಾಗ ಮಾತ್ರ ಸಿಕಂದರ ಕನ್ನಡಕ್ಕೆ ಹೊರಳುತ್ತಾನೆ. ಈಗ ಕನ್ನಡದಲ್ಲಿ ಕೇಳಿದ, "ಪಂಚಶೀಲಕ್ಕ ಸುರಪುರ ಬಿಟ್ಟು ನಿನ್ನ ಅಂಗಡಿಗೇ ಯಾಕ ಬಂದಳು, ಗೊತ್ತೇನು ನಿನಗ?"

ಮುಜಫರನಿಗೆ ಗೊತ್ತಿರಲಿಲ್ಲ. ತನ್ನ ಹೆಸರು ಕೇಳಿ ಬಂದಿರಬೇಕು ಎಂದು ತಿಳಿದಿದ್ದ.

"ನಾ ಕಳಿಸಿದ್ದೆ. ಉಳದ ನಾಕೂ ಮಂದಿ ಹೆದರಿದ್ರು. ಅಂಗಡ್ಯಾಗ ಮಾಡಿಸಿದ್ರ ಅಂಗಡ್ಯಾವ ಇಟ್ಕೊಂಡ್ರ ಹೆಂಗ ಅಂತ ಕೇಳಿದ್ರು. ನಮ್ಮ ಭಾಯಿ ಗಡಿಯಾರದ ಸಾಬರ ಮಗ, ಬ್ಯಾರೇವ್ರದು ಒಂದು ಕಾಗದ ಸುದ್ದಾ ಇಟ್ಕೊಳ್ಳಂಗಿಲ್ಲ ಅಂತ ನಾ ಮಾತು ಕೊಟ್ಟೆ. ಆ ಮಾತಿನ ಮ್ಯಾಲ ಹೆಸರು ಹಚ್ಯಾರ ಅವರು."

"ನಾ ಕೊಟ್ಟಿಲ್ಲಲ್ಲೋ" ಎಂದ ಮುಜಫರ.

"ಕೊಟ್ಟಿಲ್ಲ ಅಂತ ನಾ ನಂಬತೀನಿ. ನೀ ಕೊಡೋ ಮನಷ್ಯಾ ಅಲ್ಲ. ಅವರ ಮುಂದನೂ ಅದನ್ನ ಎದಿ ತಟ್ಟಿ ಹೇಳ್ತೀನಿ. ಇಟ್ಕೊಂಡಿದ್ದ ಅಂತ ಹೆಂಗ ಹೇಳ್ಲಿ?"

ಹೊರಗೆ ದೊಡ್ಡ ರಸ್ತೆಯಲ್ಲಿ ಕಂಪನಿಯ ಬಸ್ಸಿನ ಹಾರನ್ ಕೇಳಿಸಿತು, ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಕೇಳಿಸಿತು. ಸಿಕಂದರ ಏಳಲಿಲ್ಲ. ಬಸ್ಸು ಹೋದ ಮೇಲೆ ಎದ್ದು ಚಪ್ಪಲಿ ಮೆಟ್ಟಿದ.

"ನಡಿ" ಎಂದ. "ನನ್ನ ಬಾಯಿಂದ ಬರಂಗಿಲ್ಲ ಅದು. ನಾಕೂ ಮನ್ಯಾಗ ನೀನೇ ಹೇಳು."

ಗಾಡಿಯನ್ನು ಸಿಕಂದರನೇ ನಡೆಸಿದ. ಮುಜಫರ ಹಿಂದೆ ಕೂತ. ಮೊದಲು ಯಾರ ಮನೆಗೆ ಎಂದು ಅವನು ಕೇಳಲಿಲ್ಲ, ತಮ್ಮನೂ ಹೇಳಲಿಲ್ಲ.